ಮೇ ಕೊನೆಗೆ ಮುಂಬೈ: ಹೋಗಬಹುದೇ, ಬೇಡವೇ?

ಪ್ರಶ್ನೆ: ನಾವು ದಾವಣಗೆರೆಯವರು. ಮಕ್ಕಳ ರಜೆ ಮುಗಿಯುವುದರೊಳಗೆ ನಾಲ್ಕು ದಿನ ಮುಂಬೈ ತೋರಿಸಿಕೊಂಡು ಬರೋಣ ಅಂತಿದ್ದೇವೆ. ನಮ್ಮ ಯಜಮಾನರಿಗೆ ರಜೆ ಸಿಗುವುದೇ ಮೇ ಕೊನೆ ವಾರ. ಜೊತೆಗೆ ಅತ್ತೆಯೂ ಬರುತ್ತಾರೆ, 68 ವರ್ಷ, ಮೊಣಕಾಲು ನೋವು. ಒಬ್ಬರು ‘ಆ ಸೆಕೆಗೆ ಬೆಂದು ಹೋಗ್ತೀರಿ’ ಅಂತಾರೆ, ಇನ್ನೊಬ್ಬರು ‘ಮಳೆ ಹಿಡ್ಕೊಂಡ್ರೆ ರೂಮಲ್ಲೇ ಕೂರ್ಬೇಕು’ ಅಂತಾರೆ. ಹೋಗಬಹುದೇ?

ಉತ್ತರ: ಹೋಗಬಹುದು. ಯಜಮಾನರು ಆಫೀಸಿನಲ್ಲಿ ಇನ್ನೊಂದು ಮಾತು ಕೇಳಿ ರಜೆಯನ್ನು ಒಂದು ವಾರ ಮುಂಚೆ ಮಾಡಿಕೊಳ್ಳಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಆಗದಿದ್ದರೂ ಚಿಂತೆಯಿಲ್ಲ. ನಿಮ್ಮನ್ನು ಹೆದರಿಸಿದ ಇಬ್ಬರೂ ಸುಳ್ಳು ಹೇಳಿಲ್ಲ, ಅಷ್ಟೇ. ಇಪ್ಪತ್ತೆರಡು ವರ್ಷ ಆ ಊರಿನಲ್ಲಿದ್ದು ಪ್ರತಿ ಮೇ ತಿಂಗಳು ಯಾರಾದರೊಬ್ಬ ನೆಂಟರನ್ನು ಊರು ಸುತ್ತಿಸಿದವನು ನಾನು. ಆ ಅನುಭವದ ಮೇಲೆ ಹೇಳುತ್ತೇನೆ.

ಮೊದಲು ಸೆಕೆಯ ವಿಚಾರ. ಡಿಗ್ರಿ ಲೆಕ್ಕದಲ್ಲಿ ಮುಂಬೈ ನಿಮ್ಮೂರಿಗಿಂತ ತಂಪು. ಮೇ ತಿಂಗಳ ಮಧ್ಯಾಹ್ನ ಅಲ್ಲಿ 33–34 ಡಿಗ್ರಿ ಆಸುಪಾಸು. ದಾವಣಗೆರೆ ಮಾರ್ಚ್-ಏಪ್ರಿಲ್‌ನಲ್ಲೇ ಅದನ್ನು ದಾಟಿರುತ್ತದೆ. ಮೋಸ ಇರುವುದು ರಾತ್ರಿಯಲ್ಲಿ. ನಿಮ್ಮಲ್ಲಿ ಹೊತ್ತು ಮುಳುಗಿದರೆ ಮಾಳಿಗೆ ಮೇಲೆ ಒಂದಿಷ್ಟು ಗಾಳಿ ಆಡುತ್ತದೆ. ಮುಂಬೈನಲ್ಲಿ ಬೆಳಗಿನ ಜಾವಕ್ಕೂ 27 ಡಿಗ್ರಿಯ ಆಚೀಚೆಯೇ ಇರುತ್ತದೆ. ಗಾಳಿಯಲ್ಲಿ ಕಡಲಿನ ತೇವ ತುಂಬಿರುವುದರಿಂದ ಬೆವರು ಆರುವುದೇ ಇಲ್ಲ, ಸುಮ್ಮನೆ ಇಳಿಯುತ್ತಿರುತ್ತದೆ. ಸ್ನಾನ ಮುಗಿಸಿ ಮೈ ಒರೆಸುವ ಹೊತ್ತಿಗೆ ಇನ್ನೊಂದು ಸ್ನಾನ ಬೇಕೆನಿಸುತ್ತದೆ. ಮಂಗಳೂರು, ಕಾರವಾರದವರಿಗೆ ಇದನ್ನು ವಿವರಿಸಬೇಕಿಲ್ಲ. ಬಯಲುಸೀಮೆಯವರು ಮಾತ್ರ ಮೊದಲ ದಿನ ಕಂಗಾಲಾಗುತ್ತಾರೆ. ಹಾಗಾಗಿ ಬೇರೆ ಯಾವುದರಲ್ಲಾದರೂ ದುಡ್ಡು ಉಳಿಸಿ, ರೂಮಿನ ಎಸಿಯಲ್ಲಿ ಉಳಿಸಲು ಹೋಗಬೇಡಿ. ರಾತ್ರಿ ನಿದ್ದೆಯಾಗದಿದ್ದರೆ ಮರುದಿನ ಅತ್ತೆಯವರ ಮೊಣಕಾಲಿಗಿಂತ ಮೊದಲು ನಿಮ್ಮೆಲ್ಲರ ತಾಳ್ಮೆ ಕೈಕೊಡುತ್ತದೆ.

ಬಟ್ಟೆ ತೆಳು ಹತ್ತಿಯದೇ ಇರಲಿ, ದಿನಕ್ಕೆ ಎರಡು ಜೊತೆಯ ಲೆಕ್ಕದಲ್ಲಿ ಇರಲಿ. ರಾತ್ರಿ ಒಗೆದು ಹಾಕಿದ್ದು ಬೆಳಿಗ್ಗೆಗೆ ಒಣಗುವುದಿಲ್ಲ. ಜೀನ್ಸ್ ಅಂತೂ ಬೇಡವೇ ಬೇಡ, ಮಗರಾಯ ಎಷ್ಟೇ ಹಠ ಮಾಡಲಿ.

ಇನ್ನು ಮಳೆ. ಮುಂಬೈಗೆ ಮುಂಗಾರು ಮುಟ್ಟುವ ವಾಡಿಕೆಯ ದಿನ ಜೂನ್ 11. ಅದೊಂದೇ ದಿನಾಂಕ ನೋಡಿ ಟಿಕೆಟ್ ತೆಗೆಸಿದರೆ ಏನಾಗಬಹುದು ಎಂಬುದಕ್ಕೆ ಈಚಿನ ಮೂರು ವರ್ಷ ನೋಡಿ. 2023ರಲ್ಲಿ ಜೂನ್ 25ರವರೆಗೂ ಜನ ಆಕಾಶ ನೋಡುತ್ತಾ ಕೂತಿದ್ದರು. ಆ ದಿನ ಮುಂಗಾರು ಮುಂಬೈಗೂ ದೆಹಲಿಗೂ ಒಟ್ಟಿಗೇ ಹೋಯಿತು. 2024ರಲ್ಲಿ ಜೂನ್ 9ಕ್ಕೆ ಬಂತು. 2025ರಲ್ಲಿ ಮೇ 26ಕ್ಕೇ ಬಂದು ಕೂತಿತು, ಅದೂ ಸುಮ್ಮನೆ ಬರಲಿಲ್ಲ. ಹೊಸದಾಗಿ ತೆರೆದಿದ್ದ ವರ್ಲಿಯ ನೆಲದಡಿಯ ಮೆಟ್ರೋ ನಿಲ್ದಾಣಕ್ಕೂ ನೀರು ನುಗ್ಗಿತು, ಮೇ ತಿಂಗಳ ಮಳೆಯಲ್ಲಿ ಕೊಲಾಬಾ 1918ರ ದಾಖಲೆಯನ್ನು ಮುರಿಯಿತು. ಅಂದರೆ ನೀವು ಹೋಗುವ ವಾರದಲ್ಲಿ ಬಿರುಬಿಸಿಲೂ ಇರಬಹುದು, ಜಡಿಮಳೆಯೂ ಇರಬಹುದು. ಎರಡಕ್ಕೂ ಹೊಂದುವ ಹಾಗೆ ದಿನಗಳನ್ನು ಜೋಡಿಸಿಕೊಳ್ಳಬೇಕು.

ಹೇಗೆ ಜೋಡಿಸುವುದು ಅಂತ ಹೇಳುವ ಮೊದಲು ರೈಲಿನ ಮಾತು ಮುಗಿಸಿಬಿಡೋಣ, ಯಾಕೆಂದರೆ ಅದಕ್ಕೇ ಹೊತ್ತು ಮೀರುವುದು. ಚಾಲುಕ್ಯ, ಶರಾವತಿ ಎಕ್ಸ್‌ಪ್ರೆಸ್‌ಗಳು ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ಪುಣೆ ಮೇಲಿಂದ ದಾದರ್‌ಗೆ ಹೋಗುತ್ತವೆ. ದಿನಾ ಇರುವ ಗಾಡಿಗಳಲ್ಲ, ವಾರ ನೋಡಿಕೊಳ್ಳಿ. ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ; ಮೊದಲಿದ್ದ 120 ದಿನದ ಲೆಕ್ಕ 2024ರ ನವೆಂಬರ್‌ಗೇ ಹೋಯಿತು. ಮೇ 24ಕ್ಕೆ ಹೊರಡುವವರು ಮಾರ್ಚ್ 25ರ ಬೆಳಿಗ್ಗೆಯೇ ಫೋನ್ ಹಿಡಿದು ಕೂರಬೇಕು. ಮೇ ಕೊನೆಯಲ್ಲಿ ಇನ್ನೊಂದು ತಾಪತ್ರಯವಿದೆ. ಮಹಾರಾಷ್ಟ್ರದಲ್ಲಿ ಶಾಲೆ ಶುರುವಾಗುವುದು ಜೂನ್ ಮಧ್ಯಕ್ಕೆ. ಏಪ್ರಿಲ್-ಮೇನಲ್ಲಿ ಊರಿಗೆ ಬಂದ ಮುಂಬೈ ಕನ್ನಡಿಗರು, ತುಳುವರು ಎಲ್ಲರೂ ಮೇ ಕೊನೆಯಿಂದ ಜೂನ್ ಎರಡನೇ ವಾರದವರೆಗೆ ವಾಪಸ್ ಹೊರಡುತ್ತಾರೆ. ಹಲಸಿನ ಹಪ್ಪಳ, ಉಪ್ಪಿನಕಾಯಿ ಭರಣಿ, ತೆಂಗಿನಕಾಯಿ ಚೀಲ ಸಮೇತ. ನೀವು ಹೋಗುವ ದಿಕ್ಕೂ ಅದೇ. ಬರುವ ಟಿಕೆಟ್ ಸಲೀಸಾಗಿ ಸಿಗಬಹುದು, ಹೋಗುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಕರಾವಳಿ ಕಡೆಯಿಂದ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಹೋಗುವವರಿಗಂತೂ ಈ ಮಾತು ಎರಡು ಪಟ್ಟು ಅನ್ವಯಿಸುತ್ತದೆ.

ಉಳಿದುಕೊಳ್ಳುವುದು ಎಲ್ಲಿ? ಮೊದಲ ಸಲ ಹೋಗುವವರೆಲ್ಲ ಕೊಲಾಬಾದಲ್ಲಿ ಗೇಟ್‌ವೇ ಆಫ್ ಇಂಡಿಯಾ ಹತ್ತಿರ ರೂಮು ಹುಡುಕುತ್ತಾರೆ. ಕೊಡುವ ದುಡ್ಡಿಗೆ ಅಲ್ಲಿ ಸಿಗುವುದು ಕಿಟಕಿ ಇಲ್ಲದ ಕೋಣೆ. ನನ್ನ ಮಾತು ಕೇಳುವುದಾದರೆ ದಾದರ್-ಮಾಟುಂಗಾ ಸುತ್ತಲೇ ಇರಿ. ನೀವು ಇಳಿಯುವುದೂ ಅಲ್ಲೇ, ಹತ್ತುವುದೂ ಅಲ್ಲೇ. ಊರಿನ ನಡುವೆ ಇದೆ. ಪಶ್ಚಿಮ ಮತ್ತು ಮಧ್ಯ ರೈಲ್ವೆಯ ಲೋಕಲ್‌ಗಳು ಎರಡೂ ಸಿಗುತ್ತವೆ. ಈಗ ಮೆಟ್ರೋ 3 ಕೂಡ ದಾದರ್‌ನಿಂದಲೇ ಹೋಗುತ್ತದೆ. ಅತ್ತೆಯವರಿಗೆ ಬೆಳಿಗ್ಗೆ ಇಡ್ಲಿ-ಸಾಂಬಾರ್ ಬೇಕೆಂದರೆ ಹುಡುಕಿಕೊಂಡು ಹೋಗಬೇಕಿಲ್ಲ. ಕಿಂಗ್ಸ್ ಸರ್ಕಲ್ ಸುತ್ತ ಕನ್ನಡದಲ್ಲೇ ಆರ್ಡರ್ ಕೊಡಬಹುದಾದ ಹೋಟೆಲುಗಳು ಇವತ್ತಿಗೂ ಇವೆ.

ಈಗ ಮುಖ್ಯವಾದದ್ದು. ಮುಂಬೈಗೆ ಹೋಗುವವರು ನೋಡುವ ಜಾಗಗಳ ಪಟ್ಟಿ ಮಾಡಿಕೊಂಡು ಹೋಗುತ್ತಾರೆ. ಪಟ್ಟಿ ಇರಲಿ, ಪಕ್ಕದಲ್ಲಿ ಗಂಟೆಯನ್ನೂ ಬರೆದುಕೊಳ್ಳಿ. ಆ ಊರಿನಲ್ಲಿ ಕಡಲಿಗೆ ಹೇಗೋ ಜನಕ್ಕೂ ಹಾಗೇ ಉಬ್ಬರ-ಇಳಿತ ಉಂಟು. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಜನರೆಲ್ಲ ದಕ್ಷಿಣಕ್ಕೆ, ಅಂದರೆ ಚರ್ಚ್‌ಗೇಟ್ ಮತ್ತು ಸಿಎಸ್‌ಎಂಟಿ (ಹಳೆಯ ವಿಕ್ಟೋರಿಯಾ ಟರ್ಮಿನಸ್) ನಿಲ್ದಾಣಗಳ ಕಡೆಗೆ ಹರಿಯುತ್ತಾರೆ. ಸಂಜೆ ಐದೂವರೆಯಿಂದ ಎಂಟೂವರೆಯವರೆಗೆ ಅಷ್ಟೂ ಜನ ಉತ್ತರಕ್ಕೆ ವಾಪಸ್. ದಾದರ್‌ನಲ್ಲಿ ಉಳಿದು, ದಕ್ಷಿಣ ತುದಿಯ ಹಳೇ ಮುಂಬೈ ಆದ ಫೋರ್ಟ್ ಪ್ರದೇಶ ನೋಡಲು ಹೋಗುವ ನೀವು ಬೆಳಿಗ್ಗೆ ಏಳೂವರೆಯೊಳಗೆ ಹೊರಡಬೇಕು, ಇಲ್ಲವೇ ಹನ್ನೊಂದರ ಮೇಲೆ. ನಡುವಿನ ಹೊತ್ತಿನಲ್ಲಿ ಲೋಕಲ್ ಹತ್ತುವ ಸಾಹಸ, ಅದರಲ್ಲೂ ಮೊಣಕಾಲು ನೋವಿನವರನ್ನು ಕರೆದುಕೊಂಡು, ಖಂಡಿತ ಬೇಡ. ಹತ್ತುವುದೇನೋ ನಾವು ಹತ್ತಬೇಕಿಲ್ಲ, ಹಿಂದಿನವರೇ ಹತ್ತಿಸುತ್ತಾರೆ. ಇಳಿಯುವುದೇ ಕಷ್ಟ.

ಹಾಗಂತ ಲೋಕಲ್ ಹತ್ತದೇ ಬರಬೇಡಿ. ಮಧ್ಯಾಹ್ನ ಹನ್ನೆರಡೂವರೆಗೆ ಚರ್ಚ್‌ಗೇಟ್‌ನಿಂದ ಹೊರಡುವ ಸ್ಲೋ ಗಾಡಿ ಮಕ್ಕಳಿಗೆ ಎಲಿಫೆಂಟಾ ದ್ವೀಪದ ಗುಹೆಗಳಷ್ಟೇ ದೊಡ್ಡ ನೋಟ. ಮೂವರು ಕೂರುವ ಸೀಟಿನಲ್ಲಿ ನಾಲ್ಕನೆಯವರು ಬಂದು ‘ಥೋಡಾ ಸರಕೋ’ ಅಂದರೆ ಯಾರೂ ಮಾತಾಡದೆ ಅರ್ಧ ಗೇಣು ಜರುಗುತ್ತಾರೆ. ತಲೆಯ ಮೇಲಿನ ಫ್ಯಾನು ತಿರುಗದೇ ನಿಂತಿದ್ದರೆ ಯಾರೋ ಒಬ್ಬ ಎದ್ದು ಜೇಬಿನಿಂದ ಬಾಚಣಿಗೆ ತೆಗೆದು, ಜಾಲರಿಯೊಳಗೆ ತೂರಿಸಿ ರೆಕ್ಕೆಯನ್ನು ಒಂದು ತಳ್ಳು ತಳ್ಳುತ್ತಾನೆ. ಫ್ಯಾನು ತಿರುಗಲು ಶುರುವಾಗುತ್ತದೆ, ಆತ ಬಾಚಣಿಗೆಯನ್ನು ಒರೆಸಿ ಜೇಬಿಗಿಟ್ಟುಕೊಂಡು ಕೂರುತ್ತಾನೆ. ನನ್ನ ಮಗಳಿಗೆ ಐದು ವರ್ಷವಿದ್ದಾಗ ಮುಂಬೈ ಎಂದರೆ ಅದೇ ಆಗಿತ್ತು. ಗಂಡಸರು-ಹೆಂಗಸರು ಬೇರೆ ಬೇರೆ ಡಬ್ಬಿ ಹತ್ತುವುದಾದರೆ ಇಳಿಯುವ ಸ್ಟೇಷನ್ ಯಾವುದು ಅಂತ ಮಕ್ಕಳಿಗೂ ಬಾಯಿಪಾಠ ಮಾಡಿಸಿ. ಫಾಸ್ಟ್ ಗಾಡಿ ಎಲ್ಲ ಕಡೆ ನಿಲ್ಲುವುದಿಲ್ಲ, ಮಾಟುಂಗಾದಲ್ಲಂತೂ ನಿಲ್ಲುವುದಿಲ್ಲ. ಭಾನುವಾರ ಹಗಲು ಹಳಿ ರಿಪೇರಿಗೆಂದು ‘ಮೆಗಾ ಬ್ಲಾಕ್’ ಇರುತ್ತದೆ. ಮಧ್ಯ ಮತ್ತು ಹಾರ್ಬರ್ ಮಾರ್ಗದಲ್ಲಿ ಸುಮಾರು ಹನ್ನೊಂದರಿಂದ ನಾಲ್ಕರವರೆಗೆ ಗಾಡಿಗಳು ಕಡಿಮೆ. ಯಾವ ಭಾಗದಲ್ಲಿ ಅಂತ ಹಿಂದಿನ ದಿನವೇ ತಿಳಿಸುತ್ತಾರೆ.

ಲೋಕಲ್ ಬೇಡವೆನ್ನುವ ಹೊತ್ತಿಗೆ ಮೆಟ್ರೋ 3. ಇದು 2025ರ ಅಕ್ಟೋಬರ್‌ನಿಂದ ಪೂರ್ತಿ ಓಡುತ್ತಿದೆ, ಆರೇಯಿಂದ ಕಫ್ ಪರೇಡ್‌ವರೆಗೆ 33 ಕಿಲೋಮೀಟರಿಗೂ ಹೆಚ್ಚು, ಒಂದು ನಿಲ್ದಾಣ ಬಿಟ್ಟರೆ ಎಲ್ಲವೂ ನೆಲದಡಿ. ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಸಿಎಸ್‌ಎಂಟಿ, ಹುತಾತ್ಮ ಚೌಕ್, ಚರ್ಚ್‌ಗೇಟ್: ನೀವು ನೋಡಬೇಕೆಂದಿರುವ ಅರ್ಧ ಊರು ಅದೇ ದಾರಿಯಲ್ಲಿದೆ. ಲಿಫ್ಟು, ಎಸ್ಕಲೇಟರ್, ಎಸಿ ಎಲ್ಲ ಉಂಟು. ನಮ್ಮ ಕಾಲದಲ್ಲಿ ಇದ್ದಿದ್ದರೆ ನನ್ನ ಅಪ್ಪ ದಾದರ್ ಸೇತುವೆ ಮೇಲೆ ಚಪ್ಪಲಿ ಕಳೆದುಕೊಂಡು ಬರಿಗಾಲಲ್ಲಿ ಸಿದ್ಧಿವಿನಾಯಕನ ದರ್ಶನ ಮಾಡುತ್ತಿರಲಿಲ್ಲ. ‘ಹೇಗಿದ್ರೂ ಹೊರಗೆ ಬಿಡೋದೇ ಅಲ್ವಾ’ ಎಂದಿದ್ದರು ಪುಣ್ಯಾತ್ಮ. ಇನ್ನೊಂದು ಮಾತು, ದಾದರ್ ಕಡೆ ಆಟೋ ಹುಡುಕಬೇಡಿ. ಮಾಹಿಮ್, ಸಯನ್ ದಾಟಿ ದಕ್ಷಿಣಕ್ಕೆ ಆಟೋಗಳಿಗೆ ಪ್ರವೇಶವಿಲ್ಲ; ಅಲ್ಲೆಲ್ಲ ಕಪ್ಪು-ಹಳದಿ ಟ್ಯಾಕ್ಸಿಯೇ.

ಎಲಿಫೆಂಟಾವನ್ನು ಮೊದಲ ದಿನಗಳಲ್ಲೇ ಇಟ್ಟುಕೊಳ್ಳಿ. ಕಡಲು ಕೆಟ್ಟರೆ ದೋಣಿ ನಿಲ್ಲುತ್ತದೆ. ಮೊದಲೇ ಇಟ್ಟುಕೊಂಡರೆ ಇನ್ನೊಂದು ದಿನ ಪ್ರಯತ್ನಿಸಬಹುದು. ಗುರುವಾರ ಇಳಿದರೆ ಶುಕ್ರವಾರ ಬೆಳಿಗ್ಗೆಯ ಮೊದಲ ದೋಣಿಗಳಲ್ಲೇ ಹೋಗಿ. ಸೋಮವಾರ ಮಾತ್ರ ಬೇಡ, ಗುಹೆ ರಜೆ. ಸಿರ್ಸಿಯಿಂದ ಬಂದ ಚಿಕ್ಕಮ್ಮ, ಚಿಕ್ಕಪ್ಪನನ್ನು ‘ನಾನಿದೀನಲ್ಲ, ನನಗೆಲ್ಲ ಗೊತ್ತು’ ಅಂತ ಕರೆದುಕೊಂಡು ಹೋಗಿ ಗೇಟ್‌ವೇ ಎದುರು ನಿಂತಾಗಲೇ ನನಗೆ ಅದು ಸೋಮವಾರ ಅಂತ ನೆನಪಾಗಿದ್ದು. ದೋಣಿಯಲ್ಲಿ ಬಂದರಿನೊಳಗೇ ಒಂದು ಸುತ್ತು ಹೊಡೆಸಿ ಕರೆತಂದೆ. ಚಿಕ್ಕಪ್ಪ ಇವತ್ತಿಗೂ ಸಿಕ್ಕಾಗ ‘ಏನಪ್ಪ, ಇವತ್ತು ವಾರ ಯಾವುದು?’ ಅಂತಲೇ ಮಾತು ಶುರುಮಾಡುವುದು.

ದೋಣಿಗೆ ಸುಮಾರು ಒಂದು ಗಂಟೆ. ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ, ಸೆಕೆ ಅಂತ ಬಿಚ್ಚಿಡಬೇಡಿ. 2024ರ ಡಿಸೆಂಬರ್‌ನಲ್ಲಿ ಇದೇ ಹಾದಿಯಲ್ಲಿ ದೋಣಿ ದುರಂತವಾಗಿದೆ. ಜೆಟ್ಟಿಯಿಂದ ಬುಡದವರೆಗೆ ಪುಟಾಣಿ ರೈಲು ಇದೆ, ಆಮೇಲೆ 120 ಮೆಟ್ಟಿಲು. ಎರಡೂ ಬದಿಯ ಅಂಗಡಿಗಳ ಟಾರ್ಪಾಲಿನ ನೆರಳಿರುತ್ತದೆ, ಗಾಳಿ ಇರುವುದಿಲ್ಲ. ಅತ್ತೆಯವರಿಗೆ ಡೋಲಿ ಮಾಡಿಸಬಹುದು, ದರ ಮೊದಲೇ ಮಾತಾಡಿಕೊಳ್ಳಿ. ‘ನಾಲ್ಕು ಜನರ ಹೆಗಲ ಮೇಲೆ ನಾನೀಗಲೇ ಹೋಗಲ್ಲ’ ಅಂತ ಅವರು ಅಂದರೆ ಬಲವಂತ ಬೇಡ. ಹತ್ತು ಮೆಟ್ಟಿಲಿಗೊಮ್ಮೆ ಕೂತು, ಮಜ್ಜಿಗೆ ಕುಡಿದು ಹತ್ತಲಿ. ಒಳಗೆ ಕಾಲಿಟ್ಟ ಕೂಡಲೇ ಕಲ್ಲಿನ ತಂಪು ಮೈಗೆ ತಾಗುತ್ತದೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಒಂದೆರಡು ನಿಮಿಷ ಬೇಕು. ಆಮೇಲೆ ಹಿಂಗೋಡೆಯಿಂದ ಆ ಮೂರು ಮುಖದ ಮಹೇಶಮೂರ್ತಿ ನಿಧಾನ ಎದ್ದು ಬರುತ್ತಾನೆ, ಮೂರಾಳಿಗೂ ಮಿಗಿಲಾದ ಎತ್ತರ. ಫೋಟೋ ಆಮೇಲೆ, ಮೊದಲು ಅಲ್ಲೇ ಕೂತುಬಿಡಿ.

ಆ ದ್ವೀಪದ ಹೆಸರು ಘಾರಾಪುರಿ. ಇಮ್ಮಡಿ ಪುಲಕೇಶಿ ನೂರಾರು ಹಡಗುಗಳಲ್ಲಿ ಹೋಗಿ ಗೆದ್ದ, ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ‘ಪುರಿ’ ಅಂತ 634ರ ಐಹೊಳೆ ಶಾಸನ ಹೇಳುತ್ತದಲ್ಲ, ಆ ಪುರಿ ಇದೇ ಎನ್ನುವ ವಿದ್ವಾಂಸರಿದ್ದಾರೆ. ಎಲ್ಲರೂ ಒಪ್ಪಿಲ್ಲ. ಆದರೆ ಐಹೊಳೆ ನೋಡಿ ಬಂದ ಮಕ್ಕಳಾದರೆ ದೋಣಿಯಲ್ಲಿ ಕೂತಾಗ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಸಿಗುವುದಿಲ್ಲ.

ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ, ಬಿಸಿಲಿರಲಿ ಮಳೆಯಿರಲಿ, ಸೂರಿನಡಿ ಇರಿ. ನನ್ನ ಆಯ್ಕೆ ಗೇಟ್‌ವೇ ಹತ್ತಿರದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯ, ಹಳಬರ ಬಾಯಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. ಅಲ್ಲಿನ ಶಿಲ್ಪಗಳ ನಡುವೆ ಐಹೊಳೆಯ ಬ್ರಹ್ಮ ಇದ್ದಾನೆ. ಗುಡಿಯ ಚಾವಣಿಯಲ್ಲಿದ್ದ ಫಲಕ ಅದು. ಊರಲ್ಲಿದ್ದಿದ್ದರೆ ಕತ್ತು ಎತ್ತಿ ನೋಡಬೇಕಿತ್ತು, ಇಲ್ಲಿ ಕಣ್ಣೆದುರೇ ನಿಂತಿದೆ. ನಮ್ಮ ಮಲಪ್ರಭೆ ದಂಡೆಯ ಕಲ್ಲು ಇಷ್ಟು ದೂರ ಬಂದು ಕೂತಿದೆಯಲ್ಲ ಅಂತ ಹೆಮ್ಮೆ ಪಡಬೇಕೋ ಹೊಟ್ಟೆ ಉರಿಸಿಕೊಳ್ಳಬೇಕೋ ನನಗಿನ್ನೂ ತೀರ್ಮಾನವಾಗಿಲ್ಲ. ಮಕ್ಕಳು ಚಿಕ್ಕವರಾದರೆ ವರ್ಲಿಯ ನೆಹರು ವಿಜ್ಞಾನ ಕೇಂದ್ರ ಒಳ್ಳೆಯದು. ಬೈಕಲಾದ ರಾಣಿಬಾಗ್ ಮೃಗಾಲಯದಲ್ಲಿ ಪೆಂಗ್ವಿನ್‌ಗಳು ಎಸಿಯಲ್ಲಿ ಹಾಯಾಗಿರುತ್ತವೆ, ನೋಡುವವರಿಗೂ ಆ ಎಸಿ ಸಿಗುತ್ತದೆ. ಬುಧವಾರ ಅದಕ್ಕೆ ರಜೆ.

ಸಂಜೆ ಮರೀನ್ ಡ್ರೈವ್. ಮೇ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ಏಳು ಗಂಟೆಯ ಮೇಲೆ. ಆರೂವರೆಗೆ ಹೋಗಿ ಕಟ್ಟೆ ಮೇಲೆ ಕೂತರೆ ಎಂಟೂವರೆಯವರೆಗೆ ಏಳಬೇಡಿ. ಅಷ್ಟರಲ್ಲಿ ಆಫೀಸಿನವರ ನೂಕುನುಗ್ಗಲೂ ಇಳಿದಿರುತ್ತದೆ. ಗಿರ್‌ಗಾಂವ್ ಚೌಪಾಟಿಯಲ್ಲಿ ಭೇಲ್, ಕುಲ್ಫಿ ತಿನ್ನಿ. ಮಕ್ಕಳು ಐಸ್ ಗೋಲಾ ಕೇಳುತ್ತಾರೆ. ಆ ಐಸು ಯಾವ ನೀರಿನದೋ ಅಂತ ನಾನು ಕೊಡಿಸುತ್ತಿರಲಿಲ್ಲ, ನನ್ನ ಹೆಂಡತಿ ಕೊಡಿಸುತ್ತಿದ್ದಳು. ಮಕ್ಕಳಿಗೆ ಏನೂ ಆಗಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಮಳೆ ಶುರುವಾಗಿದ್ದರೆ ಬೀಚಿನಲ್ಲಿ ನೀರಿಗೆ ಮಾತ್ರ ಇಳಿಯಬೇಡಿ.

ಜೋರು ಮಳೆ ಬಂದರೆ ಮೊದಲು ಮಾಡಬೇಕಾದ ಕೆಲಸ, ಆ ದಿನ ಕಡಲಿನ ಉಬ್ಬರ ಎಷ್ಟು ಹೊತ್ತಿಗೆ ಅಂತ ನೋಡುವುದು. ಅಲ್ಲಿನ ಪತ್ರಿಕೆಗಳಲ್ಲಿ, ಪಾಲಿಕೆಯ ಪ್ರಕಟಣೆಯಲ್ಲಿ ಹೊತ್ತು, ಎತ್ತರ ಎರಡೂ ಇರುತ್ತದೆ. ಊರಿನ ಮಳೆನೀರೆಲ್ಲ ಕಡಲಿಗೆ ಹೋಗಬೇಕು; ಕಡಲೇ ಉಬ್ಬಿ ನಿಂತಾಗ ಮೋರಿಯ ನೀರು ಹೊರಗೆ ಹೋಗಲು ಜಾಗವಿರುವುದಿಲ್ಲ, ರಸ್ತೆಯಲ್ಲೇ ನಿಲ್ಲುತ್ತದೆ. ನಾಲ್ಕೂವರೆ ಮೀಟರ್ ದಾಟಿದ ಉಬ್ಬರವೂ ಜಡಿಮಳೆಯೂ ಒಂದೇ ಹೊತ್ತಿಗೆ ಬಿದ್ದರೆ ದಾದರ್ ಪಕ್ಕದ ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್, ಸಯನ್, ಅಂಧೇರಿ ಸಬ್‌ವೇ ಇವೆಲ್ಲ ಕೆರೆಯಾಗುತ್ತವೆ. ಅಂಥ ಎರಡು-ಮೂರು ಗಂಟೆ ಇದ್ದಲ್ಲೇ ಇರಿ. ಉಬ್ಬರ ಇಳಿದ ಮೇಲೆ ನೀರೂ ಇಳಿಯುತ್ತದೆ. 2005ರ ಜುಲೈ 26ರಂದು, ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದಾಗ, ಮನೆ ಸೇರುತ್ತೇವೆ ಅಂತ ಹೊರಟವರೇ ಹೆಚ್ಚು ಕಷ್ಟಪಟ್ಟಿದ್ದು; ಆಫೀಸಿನಲ್ಲೇ ಉಳಿದ ನಾವು ಬಿಸ್ಕತ್ತು ತಿಂದು ಮೇಜಿನ ಮೇಲೆ ಮಲಗಿ ಬೆಳಗು ಮಾಡಿದೆವು. ಹವಾಮಾನ ಇಲಾಖೆ ಕೆಂಪು ಎಚ್ಚರಿಕೆ ಕೊಟ್ಟ ದಿನ ಸುತ್ತಾಟವೇ ಬೇಡ. ಮಳೆಗೆ ಮೊದಲು ಗಾಳಿ ಎದ್ದರೆ ಮರದ ಕೆಳಗೆ, ದೊಡ್ಡ ಹೋರ್ಡಿಂಗ್‌ಗಳ ಕೆಳಗೆ ನಿಲ್ಲಬೇಡಿ. 2024ರ ಮೇ 13ರಂದು ಘಾಟ್‌ಕೋಪರ್‌ನಲ್ಲಿ ದೊಡ್ಡ ಹೋರ್ಡಿಂಗ್ ಬಿದ್ದದ್ದು ಅಂಥ ಗಾಳಿಗೇ. ಕಡಲೊಳಗಿನ ಹಾಜಿ ಅಲಿ ದರ್ಗಾಕ್ಕೆ ಹೋಗುವುದಾದರೂ ಉಬ್ಬರದ ಹೊತ್ತು ಕೇಳಿಕೊಂಡೇ ಹೊರಡಿ, ಆ ಕಾಲುದಾರಿ ನೀರಿನಡಿ ಹೋಗುತ್ತದೆ.

ನಾಲ್ಕು ದಿನದಲ್ಲಿ ಒಂದು ದಿನವನ್ನು ಖಾಲಿ ಬಿಡಿ. ಮಳೆ ನುಂಗಿದ ದಿನಕ್ಕೆ ಬದಲಿ ಅದು. ಮಳೆ ನುಂಗದಿದ್ದರೆ ಭಾನುವಾರ ಬೆಳಿಗ್ಗೆ ಆರೂವರೆಗೆ ಟ್ಯಾಕ್ಸಿ ಹಿಡಿದು ಫೋರ್ಟ್‌ಗೆ ಹೋಗಿ. ಆಫೀಸುಗಳಿಗೆ ರಜೆ, ಬೀದಿ ಖಾಲಿ. ಸಿಎಸ್‌ಎಂಟಿ ಎದುರಿನ ಫುಟ್‌ಪಾತಿನಲ್ಲಿ ಯಾರ ಭುಜವೂ ತಾಗದೆ ನಿಂತು ಗೋಪುರದ ಮೇಲಿನ ಕಲ್ಲಿನ ಕೋತಿ, ನವಿಲು, ಹಲ್ಲಿಗಳನ್ನು ಹುಡುಕಬಹುದು. ಎಷ್ಟು ಸಿಕ್ಕವು ಅಂತ ಮಕ್ಕಳಲ್ಲಿ ಪಂದ್ಯ ಕಟ್ಟಿಸಿ. ಒಂಬತ್ತಕ್ಕೆ ಬಿಸಿಲು ಚುಚ್ಚಲು ಶುರುವಾಗುವಷ್ಟರಲ್ಲಿ ವಾಪಸ್ ಮಾಟುಂಗಾ.

ಮಧ್ಯಾಹ್ನದ ಊಟಕ್ಕೆ ಮಾಟುಂಗಾ ಸ್ಟೇಷನ್ ಪಕ್ಕದ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, 1942ರಿಂದ. ಬಾಳೆಎಲೆ ಊಟ. ಮಹಡಿಯ ಮೇಲಿದೆ, ಭಾನುವಾರ ಸಾಲು ಕೆಳಗಿನವರೆಗೂ ಬಂದಿರುತ್ತದೆ, ಆದ್ದರಿಂದ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಅತ್ತೆಯವರನ್ನು ನಿಧಾನ ಹತ್ತಿಸಿ. ಆಪೂಸ್ ಮಾವು ಆ ಹೊತ್ತಿಗೆ ಮುಗಿಯುತ್ತಾ ಬಂದಿರುತ್ತದೆ. ಒಂದು ಮಳೆ ಬಿದ್ದರೆ ಹಣ್ಣು ನೀರಾಯಿತು ಅಂತ ಮುಂಬೈಯವರು ಮುಟ್ಟುವುದಿಲ್ಲ, ದರ ದಡಕ್ಕನೆ ಬೀಳುತ್ತದೆ. ಮಳೆ ಬಿದ್ದಿಲ್ಲವೆಂದರೆ ಬೀದಿಯಲ್ಲೇ ಹುಲ್ಲಿನೊಳಗಿಟ್ಟ ಒಂದು ಪೆಟ್ಟಿಗೆ ತೆಗೆದುಕೊಳ್ಳಿ, ತೊಟ್ಟಿನ ಹತ್ತಿರ ಮೂಸಿ ನೋಡಿ, ಅರೆಗಾಯಿಯನ್ನೇ ಆರಿಸಿ. ರೈಲಿನಲ್ಲಿ ಅದನ್ನು ಸೀಟಿನ ಕೆಳಗೆ ತಳ್ಳಬೇಡಿ, ಗಾಳಿ ಆಡುವ ಕಡೆ ಇಡಿ. ಬೆಳಗಾವಿ ದಾಟುವಷ್ಟರಲ್ಲಿ ಡಬ್ಬಿಯವರೆಲ್ಲ ನಿಮ್ಮ ಕಡೆ ತಿರುಗಿ ನೋಡುತ್ತಿರುತ್ತಾರೆ.